ನಲವತ್ತಕ್ಕೆ ಮುಂಚೆ ಮುಗಿಸುವ ಪಟ್ಟಿ: ವರ್ಷ ಬಿಡಿ, ಮಳೆಗಾಲ ಎಣಿಸಿ

ನಲವತ್ತು, ಐವತ್ತು, ಅರವತ್ತು. ಇಂಥದೊಂದು ಹುಟ್ಟುಹಬ್ಬ ಹತ್ತಿರ ಬಂದಾಗ "ಅಷ್ಟರೊಳಗೆ ಇಷ್ಟು ಮಾಡಿ ಮುಗಿಸ್ಬೇಕು" ಅಂತ ಪಟ್ಟಿ ಬರೆಯುವವರು ಈಗ ಜಾಸ್ತಿ. ಅರವತ್ತಕ್ಕಾದರೆ ಷಷ್ಟಿಪೂರ್ತಿ ಅಂತ ಒಂದು ಶಾಸ್ತ್ರವೇ ಇದೆ, ಮಕ್ಕಳೇ ಮುಂದೆ ನಿಂತು ಮಾಡಿಸುತ್ತಾರೆ. ನಲವತ್ತಕ್ಕೆ, ಐವತ್ತಕ್ಕೆ ಯಾರೂ ಏನೂ ಮಾಡುವುದಿಲ್ಲ. ನಮ್ಮದು ನಾವೇ ನೋಡಿಕೊಳ್ಳಬೇಕು.

ಪಟ್ಟಿ ಮಾಡುವುದು ಹೇಗೆ ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಅವರ ಲೆಕ್ಕದಲ್ಲಿ ವರ್ಷದ 12 ತಿಂಗಳೂ ಒಂದೇ ಥರ. ಹಾಸನ, ಚಿಕ್ಕಮಗಳೂರು ಕಡೆ ಬದುಕುವವರಿಗೆ ಆ ಲೆಕ್ಕ ಜೂನ್ ತಿಂಗಳಲ್ಲೇ ತಪ್ಪುತ್ತದೆ. ಆರಿದ್ರಾ ಮಳೆ ಹಿಡಿದ ಮೇಲೆ ಬೆಟ್ಟವೂ ಇಲ್ಲ, ಓಟವೂ ಇಲ್ಲ. ಮಳೆ ಬಿಟ್ಟಿತು ಅನ್ನುವಾಗ ಕಾಫಿ ಕೊಯ್ಲು. ಕೊಯ್ಲು ಮುಗೀತು ಅನ್ನುವಾಗ ಮಕ್ಕಳ ಪರೀಕ್ಷೆ, ಆಮೇಲೆ ಮದುವೆಗಳು. ಇಲ್ಲಿ ಪಟ್ಟಿ ಮುಗಿಯದೆ ಉಳಿಯುವುದಕ್ಕೆ ಸೋಮಾರಿತನಕ್ಕಿಂತ ದೊಡ್ಡ ಕಾರಣ ಇದು. ಹಾಗಾಗಿ ಎಷ್ಟು ವರ್ಷ ಇದೆ ಅಂತ ಕೇಳಿಕೊಳ್ಳಬೇಡಿ. ಎಷ್ಟು ಅಕ್ಟೋಬರ್ ಸಿಗುತ್ತೆ, ಎಷ್ಟು ಮಳೆಗಾಲ ಸಿಗುತ್ತೆ ಅಂತ ಕೇಳಿಕೊಳ್ಳಿ.

ಮೊದಲು ತಾರೀಕು

ತಮಾಷೆ ಅನ್ನಿಸಬಹುದು, ಆದರೆ ಯಾವ ಹುಟ್ಟುಹಬ್ಬ ಅಂತ ಮೊದಲು ತೀರ್ಮಾನ ಆಗಬೇಕು. ನಮ್ಮ ಕಡೆ ಐವತ್ತು ದಾಟುತ್ತಿರುವ ಬಹಳ ಜನರಿಗೆ ಎರಡು ಹುಟ್ಟಿದ ದಿನ ಇವೆ. ಒಂದು ಅಮ್ಮ ಹೇಳುವುದು, ಇನ್ನೊಂದು ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ಜೂನ್ 1. ನಿಜವಾದ ತಾರೀಕು ಗೊತ್ತಿದ್ದರೆ ಅದನ್ನೇ ಇಟ್ಟುಕೊಳ್ಳಿ. ಗೊತ್ತಿಲ್ಲದಿದ್ದರೆ ನಿಮಗೆ ಬೇಕಾದ ತಿಂಗಳು ಆರಿಸಿಕೊಳ್ಳಿ, ಯಾರೂ ದಾಖಲೆ ಕೇಳಲ್ಲ. ನನ್ನ ಮತ ಫೆಬ್ರವರಿಗೆ. ಚಳಿ ಇಳಿದಿರುತ್ತದೆ, ರಸ್ತೆ ಒಣಗಿರುತ್ತದೆ, ಕೈಯಲ್ಲಿ ಸ್ವಲ್ಪ ದುಡ್ಡೂ ಇರುತ್ತದೆ.

ಕಡೇಪಕ್ಷ ಎರಡು ಮಳೆಗಾಲ ಸಿಗುವಷ್ಟು ಮುಂಚೆ ಶುರು ಮಾಡಿ. ಒಂದೇ ಮಳೆಗಾಲ ಉಳಿದಿದ್ದರೆ ಪಟ್ಟಿ ಮಾಡಬಾರದು ಅಂತಲ್ಲ, ಅರ್ಧ ಮಾಡಿ.

ಬರೆಯುವುದು, ಆಮೇಲೆ ಜರಡಿ ಹಿಡಿಯುವುದು

ಒಂದು ಸಂಜೆ ಕೂತು ಮನಸ್ಸಿಗೆ ಬಂದದ್ದನ್ನೆಲ್ಲ ಬರೆಯಿರಿ. 40 ವಯಸ್ಸಿಗೆ 40 ಗುರಿ ಅನ್ನುವ ಲೆಕ್ಕಕ್ಕೆ ಮಾತ್ರ ಹೋಗಬೇಡಿ. ಹದಿನೈದರವರೆಗೆ ಸಲೀಸಾಗಿ ಬರುತ್ತದೆ. ಅಲ್ಲಿಂದ ಮುಂದೆ ಸಂಖ್ಯೆ ತುಂಬಿಸಲು ಊರವರ ಆಸೆಗಳನ್ನೆಲ್ಲ ತಂದು ಹಾಕುತ್ತೀರಿ. ಗಿಟಾರ್ ಮುಟ್ಟುವ ಮನಸ್ಸೇ ಇಲ್ಲದವರ ಪಟ್ಟಿಯಲ್ಲೂ ಗಿಟಾರ್ ಇರುತ್ತದೆ, ಅಲ್ವಾ?

ಬರೆದ ಪಟ್ಟಿಯನ್ನು ಒಂದು ವಾರ ಬಿಟ್ಟು ನೋಡಿ. ಒಂದೊಂದು ಸಾಲಿಗೂ ಮೂರು ಪ್ರಶ್ನೆ ಕೇಳಿ.

ಇದು ನನ್ನ ಕೈಯಲ್ಲಿದೆಯಾ? ಮಗಳಿಗೆ ಮೆಡಿಕಲ್ ಸೀಟು ಸಿಗಬೇಕು, ಮೆಣಸಿಗೆ ಒಳ್ಳೆ ಬೆಲೆ ಬರಬೇಕು, ತಮ್ಮನ ಮದುವೆ ಆಗಬೇಕು. ಇವೆಲ್ಲ ಹರಕೆ ಹೊರುವ ವಿಷಯಗಳು, ಪಟ್ಟಿಗೆ ಬೇಡ.

ಮುಗಿಯಿತು ಅಂತ ಗೊತ್ತಾಗುವುದು ಹೇಗೆ? "ಆರೋಗ್ಯ ನೋಡಿಕೊಳ್ಳಬೇಕು" ಅನ್ನುವುದು ಎಂದೂ ಮುಗಿಯಲ್ಲ. "ನಿಲ್ಲದೆ 5 ಕಿಲೋಮೀಟರ್ ಓಡಬೇಕು" ಅಂದರೆ ಒಂದು ದಿನ ಮುಗಿಯುತ್ತದೆ. "ಜಾಸ್ತಿ ಓದಬೇಕು" ಬದಲು ಯಾವ ಪುಸ್ತಕ ಅಂತ ಹೆಸರು ಬರೆಯಿರಿ.

ಮೂರನೆಯದನ್ನು ಬಹಳ ಜನ ಕೇಳಿಕೊಳ್ಳುವುದೇ ಇಲ್ಲ: ಇದಕ್ಕೆ ಈಗ ಅವಕಾಶ ಇದೆಯಾ? ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ರೈಲು ಹಳಿ ಮೇಲೆ ನಡೆಯಬೇಕು ಅನ್ನುವುದು ನಮ್ಮ ಜಿಲ್ಲೆಯ ಬಹಳ ಜನರ ಹಳೆಯ ಆಸೆ. ಅದು ಈಗ ನಿಷೇಧ. ಹಳಿ ಮೇಲೆ ಅತಿಕ್ರಮವಾಗಿ ಓಡಾಡುವುದು ರೈಲ್ವೆ ಕಾನೂನಿನಲ್ಲಿ ಅಪರಾಧ, ಸುರಂಗದೊಳಗೆ ರೈಲು ಬಂದರೆ ಪಕ್ಕಕ್ಕೆ ಸರಿಯಲು ಜಾಗವೂ ಇರುವುದಿಲ್ಲ. ಆ ಸಾಲನ್ನು ಹೊಡೆದು ಹಾಕುವ ಬದಲು ತಿದ್ದಿ: "ಹಗಲು ರೈಲಿನಲ್ಲಿ ಘಾಟಿ ಇಳಿಯಬೇಕು." ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್‌ನಲ್ಲಿ 57 ಸುರಂಗ ಇವೆ. 2021ರಿಂದ ಈ ಮಾರ್ಗದ ಹಗಲು ರೈಲಿಗೆ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಸೇರಿಸಿದ್ದಾರೆ. ಮಳೆಗಾಲದಲ್ಲಿ ನೋಟ ಚೆಂದ, ಆದರೆ ಗುಡ್ಡ ಕುಸಿದು ರೈಲು ನಿಲ್ಲುವುದೂ ಆಗಲೇ. ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್‌ಗೆ ಇಟ್ಟುಕೊಳ್ಳಿ. ಟಿಕೆಟ್ ಮಾಡುವ ಮೊದಲು ಹಗಲು ರೈಲು ಓಡುತ್ತಿದೆಯಾ ಅಂತ ನೋಡಿಕೊಳ್ಳಿ.

ಕ್ಯಾಲೆಂಡರಿಗೆ ಹಂಚುವುದು

ಇದು ಮುಖ್ಯ ಕೆಲಸ, ಇದಕ್ಕೆ ಒಂದು ಭಾನುವಾರ ಪೂರ್ತಿ ಕೊಡಿ. ಗೋಡೆಗೆ ಹಾಕುವ ದೊಡ್ಡ ಕ್ಯಾಲೆಂಡರ್ ತೆಗೆದುಕೊಂಡು ಮೊದಲು ಆಗದ ತಿಂಗಳುಗಳಿಗೆ ಗೆರೆ ಎಳೆಯಿರಿ.

ತೋಟದ ಮನೆಯವರಾದರೆ ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ. ರೊಬಸ್ಟಾ ಇದ್ದರೆ ಅದು ಮಾರ್ಚ್‌ವರೆಗೂ ಎಳೆಯುತ್ತದೆ. ಆ ದಿನಗಳಲ್ಲಿ ಕಣ ಬಿಟ್ಟು ಕದಲುವ ಮಾತೇ ಇಲ್ಲ. ಆಮೇಲೆ ಕಾಫಿ ಹೂ ಬಿಡಿಸುವ ಹೂಮಳೆ ಬರುತ್ತಾ ಇಲ್ವಾ ಅಂತ ಆಕಾಶ ನೋಡುವುದು, ಬರದಿದ್ದರೆ ಸ್ಪ್ರಿಂಕ್ಲರ್ ಎಳೆಯುವುದು. ಏಪ್ರಿಲ್, ಮೇ ಮದುವೆಗೆ ಹೋಯಿತು. ಜೂನ್‌ನಿಂದ ಸೆಪ್ಟೆಂಬರ್ ಮಳೆಗೆ. ಉಳಿದದ್ದು ಅಕ್ಟೋಬರ್ ಮತ್ತು ಅಲ್ಲೊಂದು ಇಲ್ಲೊಂದು ವಾರ. ಎರಡು ವರ್ಷ ಇದೆ ಅಂದುಕೊಂಡಿದ್ದವರಿಗೆ ಹೊರಗಿನ ಕೆಲಸಕ್ಕೆ ಸಿಗುವುದು ಎರಡು ಅಕ್ಟೋಬರ್, ಅಷ್ಟೇ. ಸರ್ಕಾರಿ ಕೆಲಸ, ಅಂಗಡಿ, ಶಾಲೆ ಅಂತ ಇರುವವರಿಗೆ ಇಷ್ಟು ಬಿಗಿ ಇಲ್ಲ. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಭಾನುವಾರಗಳು ಸಿಗುತ್ತವೆ.

ಇನ್ನು ಕೆಲವಕ್ಕೆ ತಮ್ಮದೇ ಆದ ಕಾಲ ಇದೆ, ನಮ್ಮ ರಜೆ ನೋಡಿ ಅವು ಬದಲಾಗುವುದಿಲ್ಲ. ಹಾಸನಾಂಬೆ ಗುಡಿಯ ಬಾಗಿಲು ವರ್ಷಕ್ಕೊಮ್ಮೆ ಮಾತ್ರ, ಆಶ್ವಯುಜ ಹುಣ್ಣಿಮೆ ನಂತರದ ಗುರುವಾರ ತೆರೆದು ಬಲಿಪಾಡ್ಯಮಿ ಹೊತ್ತಿಗೆ ಮುಚ್ಚುತ್ತದೆ. ಹಾಸನದಲ್ಲೇ ಇದ್ದುಕೊಂಡು ಸಾಲು ನೋಡಿ "ಮುಂದಿನ ವರ್ಷ ಹೋದರಾಯಿತು" ಅಂತ ಬಿಟ್ಟವರು ಎಷ್ಟೋ. ಶೆಟ್ಟಿಹಳ್ಳಿಯ ಹಳೇ ಚರ್ಚ್ ಹೇಮಾವತಿ ಹಿನ್ನೀರಿನಲ್ಲಿ ಅರ್ಧ ಮುಳುಗಿರುವುದನ್ನು ನೋಡಬೇಕಾದರೆ ಮಳೆಗಾಲದ ಕೊನೆಗೆ ಹೋಗಬೇಕು, ಅದರ ಒಳಗೆ ಕಾಲಿಡಬೇಕಾದರೆ ಬೇಸಿಗೆಗೆ. ಎರಡೂ ಬೇಕು ಅಂದರೆ ಅದು ಎರಡು ಸಾಲು. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ 12 ವರ್ಷಕ್ಕೊಮ್ಮೆ. ಹಿಂದಿನದು 2018ರಲ್ಲಿ ಆಯಿತು, ಮುಂದಿನದು 2030ಕ್ಕೆ. ನಿಮ್ಮ ಹುಟ್ಟುಹಬ್ಬ 2029ರಲ್ಲಿದ್ದರೆ ಅದನ್ನು ಪಟ್ಟಿಯಲ್ಲಿ ಇಟ್ಟುಕೊಂಡು ಕೊರಗುವುದರಲ್ಲಿ ಅರ್ಥ ಇಲ್ಲ. ಬೆಟ್ಟ ಹತ್ತಿ ಬರುವುದಾದರೆ ಯಾವಾಗ ಬೇಕಾದರೂ ಆಗುತ್ತದೆ. ವಿಂಧ್ಯಗಿರಿಗೆ 600ಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲಲ್ಲಿ ಹತ್ತಬೇಕು, ಹಾಗಾಗಿ ಬಂಡೆ ಕಾಯುವ ಮೊದಲೇ, ಬೆಳಗ್ಗೆಯೇ ಹೋಗಿ.

ದೊಡ್ಡ ಗುರಿ ಒಡೆಯುವುದು: ಹೊಯ್ಸಳ ಗುಡಿಗಳ ಉದಾಹರಣೆ

ಈ ಕಡೆಯವರ ಪಟ್ಟಿಯಲ್ಲಿ ತಪ್ಪದೆ ಬರುವ ಸಾಲು: "ನಮ್ಮ ಸುತ್ತಮುತ್ತಲ ಹೊಯ್ಸಳ ದೇವಸ್ಥಾನ ಎಲ್ಲಾ ನೋಡಬೇಕು." ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲಂತೂ ಈ ಆಸೆ ಇನ್ನೂ ಹೆಚ್ಚಾಗಿದೆ. ಆದರೆ "ಎಲ್ಲಾ" ಅನ್ನುವ ಪದ ಇರುವವರೆಗೆ ಈ ಸಾಲು ಮುಗಿಯಲ್ಲ. ಸಣ್ಣಪುಟ್ಟದ್ದು ಸೇರಿಸಿದರೆ ಊರೂರಿಗೆ ಒಂದು ಸಿಗುತ್ತದೆ.

ಹಾಗಾಗಿ ಹೆಸರು ಹಿಡಿದು ಬರೆಯಿರಿ. ನಾನಾದರೆ ಎರಡು ಜಿಲ್ಲೆಯಿಂದ ಹತ್ತು ಊರು ತೆಗೆದುಕೊಳ್ಳುತ್ತೇನೆ: ಬೇಲೂರು, ಹಳೇಬೀಡು, ಬೆಳವಾಡಿ, ದೊಡ್ಡಗದ್ದವಳ್ಳಿ, ಮೊಸಳೆ, ಕೋರವಂಗಲ, ಹಾರನಹಳ್ಳಿ, ಅರಸೀಕೆರೆ, ನುಗ್ಗೇಹಳ್ಳಿ, ಅಮೃತಾಪುರ.

ಆಮೇಲೆ ದಾರಿ ನೋಡಿ ಕಟ್ಟು ಕಟ್ಟಿ. ಬೇಲೂರಿನಿಂದ ಹಳೇಬೀಡಿಗೆ 16 ಕಿಲೋಮೀಟರ್, ಅಲ್ಲಿಂದ ಬೆಳವಾಡಿ ಹತ್ತಿರ. ಮೂರೂ ಒಂದು ದಿನ. ಹಾಸನದಿಂದ ಹೊರಟರೆ ದೊಡ್ಡಗದ್ದವಳ್ಳಿ ಬೇಲೂರು ದಾರಿಯಲ್ಲೇ ಸಿಗುತ್ತದೆ. ನಾಲ್ಕು ಗರ್ಭಗುಡಿ ಇರುವ ಗುಡಿ ಅದು, ಕೆರೆ ಪಕ್ಕದಲ್ಲಿ. ಆದರೆ ಅದನ್ನೂ ಅದೇ ದಿನಕ್ಕೆ ತುರುಕಬೇಡಿ. ಬೇಲೂರಿನಲ್ಲಿ 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ಗುಡಿಯ ಹೊರಗೋಡೆ ಒಂದನ್ನೇ ಸಮಾಧಾನವಾಗಿ ನೋಡಲು ಅರ್ಧ ದಿನ ಬೇಕು. ದೊಡ್ಡಗದ್ದವಳ್ಳಿ, ಮೊಸಳೆ ಎರಡನ್ನೂ ಹಾಸನದವರು ಒಂದು ಬಿಡುವಿನ ದಿನ ಮುಗಿಸಬಹುದು. ಮೊಸಳೆಯಲ್ಲಿ ನಾಗೇಶ್ವರ, ಚೆನ್ನಕೇಶವ ಗುಡಿಗಳು ಜೋಡಿಯಾಗಿ ಅಕ್ಕಪಕ್ಕ ನಿಂತಿವೆ. ಕೋರವಂಗಲ, ಹಾರನಹಳ್ಳಿ, ಅರಸೀಕೆರೆ ಮೂರೂ ಹಾಸನ–ಅರಸೀಕೆರೆ ದಿಕ್ಕಿನವು, ಬೈಕಿನಲ್ಲಿ ಹೋದರೆ ಒಂದು ದಿನ ಸಾಕು. ನುಗ್ಗೇಹಳ್ಳಿಯನ್ನು ಶ್ರವಣಬೆಳಗೊಳದ ಜೊತೆ ಇಟ್ಟುಕೊಳ್ಳಿ. ಅಮೃತಾಪುರ ಮಾತ್ರ ತರೀಕೆರೆ ಹತ್ತಿರ ಒಂಟಿಯಾಗಿ ಉಳಿಯುತ್ತದೆ. ಚಿಕ್ಕಮಗಳೂರಿನವರು ಕೆಮ್ಮಣ್ಣುಗುಂಡಿಗೆ ಹೋಗುವ ದಿನ ಸೇರಿಸಿಕೊಳ್ಳಲಿ. 1196ರ ಗುಡಿ, ತಿರುಗಣಿಯಲ್ಲಿ ಕಡೆದಂತೆ ನುಣುಪಾದ ಅದರ ಕಂಬಗಳಿಗಾಗಿಯೇ ಹೋಗಬಹುದು.

ಹತ್ತು ಊರು ಐದು ದಿನಕ್ಕೆ ಇಳಿಯಿತು. ಚಿಕ್ಕ ಊರುಗಳ ಗುಡಿ ಬಾಗಿಲು ಹಾಕಿರುವುದು ಸಾಮಾನ್ಯ. ಬೀಗದ ಕೈ ಯಾರ ಹತ್ತಿರ ಇದೆ ಅಂತ ಪಕ್ಕದ ಅಂಗಡಿಯಲ್ಲಿ ಕೇಳಿದರೆ ಹೇಳುತ್ತಾರೆ. ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ ಕೇಳಬೇಡಿ.

ಬೇರೆ ಯಾವ ದೊಡ್ಡ ಗುರಿಗೂ ಇದೇ ದಾರಿ. ಅರ್ಧಕ್ಕೆ ನಿಂತ ಡಿಗ್ರಿ ಮುಗಿಸಬೇಕು ಅಂತಿದ್ದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಪ್ರವೇಶಾತಿ ಯಾವಾಗ ಅಂತ ಮೊದಲು ನೋಡಿ. ಡಿಗ್ರಿಗೆ ಮೂರು ವರ್ಷ ಬೇಕು, ಹುಟ್ಟುಹಬ್ಬಕ್ಕೆ ಇರುವುದು ಎರಡೇ ವರ್ಷ ಅಂದರೆ ಸಾಲು ಬದಲಾಯಿಸಿ. "ಡಿಗ್ರಿ ಮುಗಿಸಬೇಕು" ಅನ್ನುವುದು "ಎರಡನೇ ವರ್ಷದ ಪರೀಕ್ಷೆ ಬರೆಯಬೇಕು" ಆಗಲಿ.

ಮೈ ಬೇಡುವ ಗುರಿಗಳು

ಕುದುರೆಮುಖ ಹತ್ತಬೇಕು ಅನ್ನುವವರು ತುಂಬ. ಎತ್ತರ 1,894 ಮೀಟರ್. ಸಂಸೆ ಹತ್ತಿರದ ಮುಳ್ಳೋಡಿ ಕಡೆಯಿಂದ ಹೋಗಿ ಬರುವುದು ಸುಮಾರು 20 ಕಿಲೋಮೀಟರ್, ಮೇಲೆ ಉಳಿಯಲು ಬಿಡುವುದಿಲ್ಲ, ಅದೇ ದಿನ ಇಳಿಯಬೇಕು. ಅರಣ್ಯ ಇಲಾಖೆಯ ಅನುಮತಿಯನ್ನು ಆನ್‌ಲೈನ್‌ನಲ್ಲಿ ಮೊದಲೇ ಮಾಡಿಸಬೇಕು. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಶನಿವಾರ, ಭಾನುವಾರ ಬೇಗ ತುಂಬುತ್ತದೆ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸುವುದುಂಟು. ಮಳೆಯಲ್ಲಿ ಇಂಬಳ, ಜಾರಿಕೆ. ಇಲ್ಲೂ ಕೊನೆಗೆ ಅಕ್ಟೋಬರ್‌ನಿಂದ ಜನವರಿಗೇ ಬಂದು ನಿಂತಿರಿ.

ಹಾಗಾದರೆ ತಯಾರಿ ಶುರುವಾಗಬೇಕಾದ್ದು ಜುಲೈನಲ್ಲಿ, ಮಳೆಯೊಳಗೇ. ಮನೆಯ ಮೆಟ್ಟಿಲು ಹತ್ತಿ ಇಳಿಯುವುದು ಅತಿ ಬೇಸರದ ಕೆಲಸ, ಆದರೆ ಮೊಣಕಾಲಿಗೆ ಇದಕ್ಕಿಂತ ಒಳ್ಳೆಯ ತಯಾರಿ ನನಗೆ ಗೊತ್ತಿಲ್ಲ. ಮಳೆ ಬಿಟ್ಟ ದಿನ ಹಾಸನದವರಿಗೆ ಮಹಾರಾಜ ಪಾರ್ಕ್, ಚಿಕ್ಕಮಗಳೂರಿನವರಿಗೆ ರತ್ನಗಿರಿ ಬೋರೆ. ಸೆಪ್ಟೆಂಬರ್ ಕೊನೆಗೆ ಒಂದು ಪರೀಕ್ಷೆ ಇಟ್ಟುಕೊಳ್ಳಿ: ಸರ್ಪದಾರಿ ಅನ್ನುವ ಕಾಲುದಾರಿ ಹಿಡಿದು ಮುಳ್ಳಯ್ಯನಗಿರಿ ಹತ್ತುವುದು. 1,930 ಮೀಟರ್, ರಾಜ್ಯದಲ್ಲೇ ಎತ್ತರದ ಶಿಖರ. ಮುಂದಿನ ಎರಡು ದಿನ ಕಾಲು ಎತ್ತಲು ಆಗದಿದ್ದರೆ ಕುದುರೆಮುಖವನ್ನು ಒಂದು ತಿಂಗಳು ಮುಂದೆ ಹಾಕಿ. ವಾಹನದಲ್ಲಿ ಮೇಲೆ ಹೋಗುವವರಿಗೆ ಈಗ ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡುವ ವ್ಯವಸ್ಥೆ ಇದೆ. ಸೀತಾಳಯ್ಯನಗಿರಿವರೆಗೆ ಕಾರಿನಲ್ಲಿ ಹೋಗಿ ಮುಳ್ಳಯ್ಯನಗಿರಿ ಹತ್ತಿದೆ ಅನ್ನುವುದು ಲೆಕ್ಕಕ್ಕಿಲ್ಲ ಅಂತ ನನ್ನ ಅಭಿಪ್ರಾಯ. ನಿಮ್ಮ ಪಟ್ಟಿ, ನಿಮ್ಮಿಷ್ಟ.

ಈಜು ಕಲಿಯುವುದಿದ್ದರೆ ಈಜುಕೊಳದಲ್ಲಿ, ಹೇಳಿಕೊಡುವವರ ಎದುರಿಗೆ ಮಾತ್ರ. ಹಿನ್ನೀರು, ಕೆರೆ, ಕಲ್ಲುಕ್ವಾರಿ ಬೇಡವೇ ಬೇಡ.

ಬೆಟ್ಟ, ಓಟ ಶುರು ಮಾಡುವ ಮೊದಲು ಬಿಪಿ, ಶುಗರ್ ನೋಡಿಸಿ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬಾಯಿಯ ಕ್ಯಾನ್ಸರ್ ತಪಾಸಣೆ ಇದೆ. ಹೆಂಗಸರಿಗೆ ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆಯೂ ಸೇರಿದೆ. ಇದನ್ನು ಪಟ್ಟಿಯ ಮೊದಲ ಸಾಲಾಗಿ ಹಾಕಿ. ಬೇಗ ಮುಗಿಯುತ್ತದೆ, ಒಂದು ಗೆರೆ ಹೊಡೆದ ಖುಷಿಯೂ ಸಿಗುತ್ತದೆ.

ಮಳೆಗಾಲದ ಪಾಲು

ನಾಲ್ಕು ತಿಂಗಳು ಸುಮ್ನೆ ಹೋಗುತ್ತದೆ ಅಂದುಕೊಳ್ಳಬೇಡಿ. ಒಳಗೆ ಕೂತು ಮಾಡುವ ಕೆಲಸಗಳನ್ನೆಲ್ಲ ಇಲ್ಲಿಗೆ ತಳ್ಳಿ. ಓದುವುದು, ಅಜ್ಜಿಯ ಹಾಡು, ಮಾತು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡುವುದು, ಹಳೇ ಫೋಟೋಗಳ ಹಿಂದೆ ಹೆಸರು ಬರೆಯುವುದು. ಅಜ್ಜಿಗೆ ವಯಸ್ಸಾಗಿದ್ದರೆ ಎರಡನೇ ಮಳೆಗಾಲಕ್ಕೆ ಕಾಯಬೇಡಿ.

ಅಮ್ಮನ ಕೈಯಿಂದ ಅಡುಗೆ ಕಲಿಯುವುದಿದ್ದರೆ ಅದಕ್ಕೂ ಕಾಲ ಇದೆ. ಕಳಲೆ (ಎಳೆ ಬಿದಿರು) ಸಿಗುವುದು ಜುಲೈ, ಆಗಸ್ಟ್‌ನಲ್ಲಿ. ಹೆಚ್ಚಿದ ಮೇಲೆ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಲೇಬೇಕು, ಹಸಿ ಕಳಲೆಯಲ್ಲಿ ವಿಷದ ಅಂಶ ಇರುತ್ತದೆ. ಪತ್ರೊಡೆಗೆ ಕೆಸುವಿನ ಎಲೆಯೂ ಇದೇ ಕಾಲಕ್ಕೆ. ತಪ್ಪಿದರೆ ಒಂದು ವರ್ಷ ಹೋಯಿತು.

ಮಳೆಗಾಲದ ನಿಜವಾದ ಕೆಲಸ ಕಾಗದ ಪತ್ರ. ಯಾರ ಪಟ್ಟಿಯಲ್ಲೂ ಇದು ಇರುವುದಿಲ್ಲ, ಆದರೆ ಎಲ್ಲರ ಪಟ್ಟಿಯಲ್ಲೂ ಇರಬೇಕಾದದ್ದು. ನಮ್ಮ ಕಡೆ ಎಷ್ಟೋ ಮನೆಗಳ ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇದೆ. ಸಾಲ, ಪರಿಹಾರ, ಪಾಲು, ಏನೇ ಬಂದರೂ ಅಲ್ಲಿ ಬಂದು ಸಿಕ್ಕಿಕೊಳ್ಳುತ್ತದೆ. ತೀರಿಹೋದವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರ ಆಧಾರ್ ಜೋಡಿಸಿಕೊಂಡು ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಅರ್ಜಿಗಿಂತ ಕಷ್ಟದ ಕೆಲಸ ಚಿಕ್ಕಪ್ಪ, ಅತ್ತೆಯರನ್ನು ಒಂದು ಕಡೆ ಕೂರಿಸುವುದು. ಅದಕ್ಕೆ ಗೌರಿ ಹಬ್ಬ ಒಳ್ಳೆಯ ಸಮಯ, ಅತ್ತೆಯರು ತವರಿಗೆ ಬಂದಿರುತ್ತಾರೆ. ಬಾಗಿನ ಕೊಟ್ಟ ಮೇಲೆ ಮಾತು ತೆಗೆಯಿರಿ, ಮೊದಲು ಬೇಡ.

ವಿಲ್ ಬರೆಯಲು ಅರವತ್ತು ಆಗಬೇಕಿಲ್ಲ. ಛಾಪಾ ಕಾಗದವೂ ಬೇಕಿಲ್ಲ, ಬಿಳಿ ಹಾಳೆ ಸಾಕು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಬೇಕು, ಅವರೂ ಸಹಿ ಹಾಕಬೇಕು. ಆಸ್ತಿ ಪಡೆಯುವವರನ್ನೇ ಸಾಕ್ಷಿ ಮಾಡದಿರುವುದು ಒಳ್ಳೆಯದು. ನೋಂದಣಿ ಕಡ್ಡಾಯ ಅಲ್ಲ, ಆದರೆ ಉಪನೋಂದಣಿ ಕಚೇರಿಯಲ್ಲಿ ಮಾಡಿಸಿದರೆ ಮುಂದೆ ತಕರಾರು ಕಮ್ಮಿ.

ಕಾರು ಕಲಿಯಬೇಕು ಅನ್ನುವ ನಲವತ್ತರ ಅಂಚಿನವರಿಗೆ ಒಂದು ಮಾತು. ಎಲ್‌ಎಲ್‌ಗೆ (ಕಲಿಯುವವರ ಲೈಸೆನ್ಸ್) 6 ತಿಂಗಳ ಅವಧಿ, 30 ದಿನ ಆದ ಮೇಲೆ ಡಿಎಲ್ (ಪೂರ್ತಿ ಲೈಸೆನ್ಸ್) ಪರೀಕ್ಷೆಗೆ ಹೋಗಬಹುದು. ವಯಸ್ಸು 40 ದಾಟಿದರೆ ಫಾರ್ಮ್ 1ಎ ಅನ್ನುವ ವೈದ್ಯರ ಪ್ರಮಾಣಪತ್ರವೂ ಬೇಕಾಗುತ್ತದೆ. ಈ ಸಾಲನ್ನು ಹುಟ್ಟುಹಬ್ಬಕ್ಕೆ ಮುಂಚೆ ಮುಗಿಸಲು ನಿಜವಾದ ಕಾರಣವೇ ಇದೆ.

ದುಡ್ಡು, ಸಾಕ್ಷಿ, ಲೆಕ್ಕ

ಖರ್ಚಿನ ಗುರಿ ಇದ್ದರೆ, ಕಾಶಿಯೋ ಅಂಡಮಾನೋ ಏನೋ, ಅದರ ಹೆಸರಲ್ಲೇ ಒಂದು ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಮಾಡಿ. ಅಂಚೆ ಕಚೇರಿಯ ಆರ್‌ಡಿ 5 ವರ್ಷದ್ದು, ಎರಡು ವರ್ಷದ ಪಟ್ಟಿಗೆ ಬ್ಯಾಂಕಿನದೇ ಸರಿ. ತೋಟದವರು ತಿಂಗಳು ತಿಂಗಳು ಕಟ್ಟುವ ಬದಲು ಕಾಫಿ ಮಾರಿದ ದಿನವೇ ಎತ್ತಿಡುವುದು ವಾಸಿ.

ಪಟ್ಟಿಯನ್ನು ಒಬ್ಬರಿಗೆ ಮಾತ್ರ ತೋರಿಸಿ. ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದರೆ ಶಹಬ್ಬಾಸ್ ಮೊದಲೇ ಸಿಕ್ಕಿಬಿಡುತ್ತದೆ, ಬೆಟ್ಟ ಹತ್ತುವ ಹುಮ್ಮಸ್ಸು ಅಲ್ಲೇ ಇಳಿಯುತ್ತದೆ. ತೋರಿಸುವ ವ್ಯಕ್ತಿ ಮುಲಾಜಿಲ್ಲದೆ ಕೇಳುವವರಾಗಿರಲಿ. ಹೆಂಡತಿ ಅಥವಾ ಗಂಡನಿಗಿಂತ ಹಳೇ ಸ್ನೇಹಿತ ಮೇಲು. ಮನೆಯವರು ಕೇಳಿದರೆ ಜಗಳ ಆಗುತ್ತದೆ, ಸ್ನೇಹಿತ ಕೇಳಿದರೆ ನಾಚಿಕೆ ಆಗುತ್ತದೆ. ಪ್ರತಿ ಅಮಾವಾಸ್ಯೆ ಪಟ್ಟಿ ತೆಗೆದು ನೋಡಿ. ಕೂಲಿ ಕೆಲಸ ಇರದ ದಿನ, ನೆನಪಿಡುವುದೂ ಸುಲಭ.

ಕೊನೆಯ ಮೂರು ತಿಂಗಳು

ಹುಟ್ಟುಹಬ್ಬಕ್ಕೆ ಮೂರು ತಿಂಗಳು ಇರುವಾಗ ಹೊಸ ಸಾಲು ಸೇರಿಸುವುದನ್ನು ನಿಲ್ಲಿಸಿ. ಉಳಿದವುಗಳಲ್ಲಿ ಈ ಋತುವಿನಲ್ಲಿ ಆಗುವುದು ಯಾವುದು, ಆಗದ್ದು ಯಾವುದು ಅಂತ ಬೇರೆ ಮಾಡಿ. ಆಗಸ್ಟ್‌ನಲ್ಲಿ ಹುಟ್ಟಿದವರು ಕೊನೆಗೆ ಕುದುರೆಮುಖ ಉಳಿಸಿಕೊಂಡರೆ ಏನೂ ಮಾಡಲಾಗದು, ಅಂಥವರು ಬೆಟ್ಟವನ್ನು ಹಿಂದಿನ ಅಕ್ಟೋಬರ್‌ನಲ್ಲೇ ಮುಗಿಸಿ ಕೊನೆಗೆ ಕಾಗದ ಪತ್ರ ಉಳಿಸಿಕೊಂಡಿರಬೇಕು. ಡಿಸೆಂಬರ್‌ನವರಿಗೆ ಇದರ ತಿರುವುಮುರುವು.

ಮನಸ್ಸೇ ಹೋದ ಸಾಲುಗಳಿದ್ದರೆ ಸಂಕೋಚ ಇಲ್ಲದೆ ಹೊಡೆದು ಹಾಕಿ. ಎರಡು ವರ್ಷದ ಹಿಂದೆ ಬೇಕೆನಿಸಿದ ಗಿಟಾರ್ ಈಗ ಬೇಡ ಅನ್ನಿಸಿದರೆ ಅಲ್ಲಿಗೆ ಅದು ಮುಗಿದಂತೆ. ಅರ್ಧ ಆದವುಗಳ ಪಕ್ಕದಲ್ಲಿ ಎಲ್ಲಿಗೆ ನಿಂತಿದೆ ಅಂತ ಬರೆದಿಡಿ, ಹುಟ್ಟುಹಬ್ಬ ಆದ ಮಾರನೇ ದಿನವೂ ಗುಡಿಗಳು ಅಲ್ಲೇ ಇರುತ್ತವೆ. ಪೌತಿ ಖಾತೆ ಒಂದನ್ನು ಮಾತ್ರ ಹಾಗೆ ಬಿಡಬೇಡಿ. ಅರ್ಜಿ ಸಂಖ್ಯೆ ಹಿಡಿದುಕೊಂಡು ನಾಡಕಚೇರಿಗೆ ಇನ್ನೊಮ್ಮೆ ಹೋಗಿ, ಯಾರ ಮೇಜಿನ ಮೇಲೆ ಇದೆ ಅಂತ ಕೇಳಿಕೊಂಡು ಬನ್ನಿ.